ಚಳಿಗಾಲದಲ್ಲಿ ಮನೆಯೊಳಗೆ ಮೆಣಸಿನಕಾಯಿ ಸಸಿ: ಯಾವ ತಳಿಗೆ ಯಾವ ದಾರಿ

ಮಿಶಿಗನ್, ಇಲಿನಾಯ್, ಒಂಟಾರಿಯೊದಂಥ ಕಡೆ ನೆಲೆಸಿದವರು ಹಿತ್ತಲಲ್ಲಿ ಖಾರದ ಮೆಣಸಿನಕಾಯಿ ಬೆಳೆಯಬೇಕೆಂದರೆ ಹೊರಗೆ ಹಿಮ ಬಿದ್ದಿರುವಾಗಲೇ ಕೆಲಸ ಹಚ್ಚಿಕೊಳ್ಳಬೇಕು. ಡೆಟ್ರಾಯ್ಟ್ ಸುತ್ತಮುತ್ತ ಮೇ ತಿಂಗಳ ಮೊದಲರ್ಧದವರೆಗೂ ಫ್ರಾಸ್ಟ್ (ಹೆಪ್ಪುಗಟ್ಟುವ ಇಬ್ಬನಿ) ಬೀಳುವ ಭಯವಿರುತ್ತದೆ, ಅಕ್ಟೋಬರ್ ಬಂತೆಂದರೆ ಮತ್ತೆ ಅದೇ ಭಯ. ನಡುವಿನ ಐದು ತಿಂಗಳಲ್ಲೂ ಮೆಣಸಿನ ಗಿಡ ಹಿಗ್ಗಿ ಬೆಳೆಯುವಷ್ಟು ಬೆಚ್ಚಗಿರುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ. ಬೀಜದಿಂದ ಕೆಂಪು ಹಣ್ಣಿನ ತನಕ ಐದು ತಿಂಗಳಾದರೂ ಬೇಡುವ ಗಿಡ ಇದು. ಕೊರತೆ ಬೀಳುವ ಎರಡು-ಮೂರು ತಿಂಗಳನ್ನು ಮನೆಯೊಳಗೇ ಒದಗಿಸಬೇಕು.

ಹಾವೇರಿ, ಧಾರವಾಡದ ಕಡೆ ಮುಂಗಾರಿನ ಹೊತ್ತಿಗೆ ಒಟ್ಲು (ಸಸಿಮಡಿ) ಹಾಕಿ, 40–45 ದಿನಕ್ಕೆ ಸಸಿ ಕಿತ್ತು ಹೊಲಕ್ಕೆ ನೆಡುತ್ತಾರೆ. ಅಲ್ಲಿ ಶಾಖವನ್ನೂ ಬೆಳಕನ್ನೂ ಬಿಸಿಲೇ ಕೊಡುತ್ತದೆ. ಇಲ್ಲಿ ಅವೆರಡನ್ನೂ ನಾವೇ ದುಡ್ಡು ಕೊಟ್ಟು ತರಬೇಕು. ಎಲ್ಲಿ ಖರ್ಚು ಮಾಡಬೇಕು, ಎಲ್ಲಿ ಕೈ ಬಿಗಿ ಹಿಡಿಯಬೇಕು ಎಂಬುದು ನೀವು ಆರಿಸುವ ತಳಿಯ ಮೇಲೆ ನಿಂತಿದೆ. ಹೀಟ್ ಮ್ಯಾಟ್ (ಟ್ರೇಯಡಿ ಹಾಸುವ ವಿದ್ಯುತ್ ಬಿಸಿ ಹಾಸು), ದೀಪ, ಟ್ರೇ ಎಂದು ಮೊದಲೇ ಎಲ್ಲ ಕೊಂಡು, ಆಮೇಲೆ ಬೀಜ ಹುಡುಕುವುದು ತಲೆಕೆಳಗಾದ ಕ್ರಮ.

ಬಿತ್ತಲೇಬೇಕೆ?

ಕೆಲವರಿಗೆ ಬೇಡ. ಹಲಪೀನ್ಯೊ, ಕಯೆನ್, ಬನಾನಾ ಪೆಪ್ಪರ್, ಹಂಗೇರಿಯನ್ ವ್ಯಾಕ್ಸ್, ಹಬನೇರೊ ಸಸಿಗಳು ಮೇ ತಿಂಗಳಲ್ಲಿ ಯಾವ ಗಾರ್ಡನ್ ಸೆಂಟರಿನಲ್ಲಾದರೂ ಸಿಗುತ್ತವೆ. ಒಗ್ಗರಣೆಗೆ, ಚಟ್ನಿಗೆ ನಾಲ್ಕು ಹಸಿಮೆಣಸಿನಕಾಯಿ ಸಿಕ್ಕರೆ ಸಾಕು, ಭಾನುವಾರ ಮಿರ್ಚಿ ಬಜ್ಜಿ ಕರಿಯುವಷ್ಟು ದಪ್ಪ ಕಾಯಿ ಬಿಟ್ಟರೆ ಸಾಕು ಎನ್ನುವವರು ಮೂರು ತಿಂಗಳು ದೀಪ ಉರಿಸಬೇಕಾಗಿಲ್ಲ. ಎರಡು ಸಸಿ ಕೊಂಡು ನೆಟ್ಟರೆ ಆಯಿತು. ಬಜ್ಜಿಗಂತೂ ಬನಾನಾ ಪೆಪ್ಪರ್ ಚೆನ್ನಾಗಿ ಒಗ್ಗುತ್ತದೆ.

ಬ್ಯಾಡಗಿ, ಗುಂಟೂರು, ಮಲೆನಾಡು-ಕರಾವಳಿಯ ಜೀರಿಗೆ ಮೆಣಸು ಇವುಗಳ ಸಸಿಯನ್ನು ಇಲ್ಲಿ ಯಾರೂ ಮಾರುವುದಿಲ್ಲ ಎಂದೇ ಇಟ್ಟುಕೊಳ್ಳಿ. ಚಳಿಗಾಲದ ಈ ಶ್ರಮ ಸಾರ್ಥಕವಾಗುವುದು ಇಂಥ ತಳಿಗಳಿಗೆ. ಅಂಗಡಿಯಲ್ಲಿ ಸಿಗುವುದನ್ನೇ ಮನೆಯಲ್ಲಿ ಬಿತ್ತಿದರೆ ಉಳಿತಾಯವೂ ಆಗುವುದಿಲ್ಲ, ಹೊಸ ರುಚಿಯೂ ಸಿಗುವುದಿಲ್ಲ.

ಇನ್ನೊಂದು ದಾರಿ ಇದೆ, ಹೆಚ್ಚಿನವರು ಅದನ್ನು ಯೋಚಿಸುವುದೇ ಇಲ್ಲ. ಮೆಣಸಿನ ಗಿಡ ಹುಟ್ಟಿನಿಂದ ಬಹುವಾರ್ಷಿಕ. ಹೊರಗಿಟ್ಟರೆ ಚಳಿಗೆ ಸಾಯುತ್ತದೆ, ಒಳಗಿಟ್ಟರೆ ಬದುಕುತ್ತದೆ. ಕಳೆದ ಬೇಸಿಗೆಯ ಗಿಡ ಕುಂಡದಲ್ಲಿದ್ದರೆ, ಮೊದಲ ಫ್ರಾಸ್ಟ್‌ಗೆ ಮುಂಚೆ ಕೊಂಬೆಗಳನ್ನು ಒಂದು ಗೇಣು ಉಳಿಯುವಂತೆ ಕತ್ತರಿಸಿ, ಎಲೆ ತೆಗೆದು, ಹೇನು ಇದೆಯೇ ನೋಡಿ ತೊಳೆದು, 12–15 ಡಿಗ್ರಿ ಸೆಲ್ಸಿಯಸ್ ಇರುವ ಬೇಸ್‌ಮೆಂಟಿನಲ್ಲಿ ಇಡಬಹುದು. ಮಣ್ಣು ಪೂರ್ತಿ ಒಣಗದಷ್ಟು ಅಪರೂಪಕ್ಕೆ ನೀರು ಕೊಟ್ಟರೆ ಸಾಕು. ಮಾರ್ಚ್‌ನಲ್ಲಿ ಬೆಳಕಿಗೆ ತಂದರೆ ಹಳೆಯ ಬೇರಿನ ಬಲದಿಂದ ಚಿಗುರಿ, ಹೊಸ ಸಸಿಗಿಂತ ವಾರಗಟ್ಟಲೆ ಮೊದಲೇ ಹೂ ಬಿಡುತ್ತದೆ. ಜೀರಿಗೆ ಮೆಣಸು, ಹಬನೇರೊದಂಥ ನಿಧಾನದ ತಳಿಗೆ ನನ್ನ ಮೊದಲ ಆಯ್ಕೆ ಇದೇ. ಬ್ಯಾಡಗಿಗೆ ಅಷ್ಟು ಲಾಭವಿಲ್ಲ, ಅದು ಬೀಜದಿಂದಲೇ ಬೇಗ ಬೆಳೆಯುತ್ತದೆ. ಒಳಗೆ ತಂದ ಗಿಡದ ಜೊತೆ ಹೇನೂ ಬಂತೆಂದರೆ ಮಾತ್ರ ಚಳಿಗಾಲವೆಲ್ಲ ಅದರ ಹಿಂದೆ ಓಡಾಡಬೇಕು. ಹತ್ತಿರದಲ್ಲೇ ಹೊಸ ಸಸಿಗಳಿದ್ದರೆ ಅವಕ್ಕೂ ಹತ್ತುತ್ತದೆ. ಎರಡನ್ನೂ ಒಂದೇ ಕೋಣೆಯಲ್ಲಿ ಇಡಬೇಡಿ.

ತಳಿ ನೋಡಿ ತಿಂಗಳು

ಖಾರ ಎಷ್ಟು ಎಂಬುದಕ್ಕಿಂತ ಯಾವ ಜಾತಿ ಎಂಬುದು ಇಲ್ಲಿ ಮುಖ್ಯ. ಬ್ಯಾಡಗಿ, ಗುಂಟೂರು, ಹಲಪೀನ್ಯೊ, ಕಯೆನ್ ಎಲ್ಲವೂ ಕ್ಯಾಪ್ಸಿಕಂ ಆ್ಯನಮ್. ಹದವಾದ ಶಾಖ ಸಿಕ್ಕರೆ ಎಂಟು-ಹತ್ತು ದಿನಕ್ಕೆ ಮೊಳೆಯುತ್ತವೆ. ಹಬನೇರೊ, ಕೆರೊಲೈನಾ ರೀಪರ್ ಇವು ಕ್ಯಾಪ್ಸಿಕಂ ಚೈನೆನ್ಸ್. ಅಸ್ಸಾಂ-ನಾಗಾಲ್ಯಾಂಡಿನ ಭೂತ್ ಜೊಲೋಕಿಯಾ ಕೂಡ ಬಹುಪಾಲು ಇದೇ ಗುಂಪಿನದು. 2007ರಲ್ಲಿ ಖಾರದ ಅಳತೆಯಾದ ಸ್ಕೋವಿಲ್‌ನಲ್ಲಿ 10 ಲಕ್ಷ ದಾಟಿ ಗಿನ್ನೆಸ್ ದಾಖಲೆ ಸೇರಿದ್ದು ಅದೇ. ಇವು ಮೊಳೆಯಲು ಎರಡರಿಂದ ನಾಲ್ಕು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ತೆಗೆದುಕೊಳ್ಳುತ್ತವೆ. ಮೊಳೆತ ಮೇಲೂ ನಿಧಾನ. ಜೀರಿಗೆ ಮೆಣಸು ಕ್ಯಾಪ್ಸಿಕಂ ಫ್ರುಟೆಸೆನ್ಸ್. ಅದರ ನಡೆಯೂ ಹೆಚ್ಚುಕಡಿಮೆ ಹಾಗೆಯೇ.

ಹೊರಗೆ ನೆಡುವುದು ಮೇ ಕೊನೆಯ ವಾರ ಎಂದು ಹಿಡಿದು ಹಿಂದಕ್ಕೆ ಎಣಿಸಿ. ಹಸಿರು ಕಾಯಿ ಸಾಕೆನ್ನುವ ಹಲಪೀನ್ಯೊ, ಗುಂಟೂರು ತಳಿಗಳಿಗೆ 8–10 ವಾರ, ಅಂದರೆ ಮಾರ್ಚ್ ಮಧ್ಯದಿಂದ ಕೊನೆಯವರೆಗೆ. ಬ್ಯಾಡಗಿಯನ್ನು ಯಾರೂ ಹಸಿರು ಕಾಯಿಗಾಗಿ ಬೆಳೆಯುವುದಿಲ್ಲ. ಗಿಡದಲ್ಲೇ ಕೆಂಪಾಗಿ, ಮೈ ಸುಕ್ಕಾಗುವ ತನಕ ಬಿಡಬೇಕು, ಬಿಸಿಬೇಳೆಬಾತಿಗೂ ಸಾರಿನ ಪುಡಿಗೂ ಆ ಬಣ್ಣ ಬರುವುದು ಆಗಲೇ. ಆದ್ದರಿಂದ ಅದಕ್ಕೆ 11–12 ವಾರ ಕೊಡಿ, ಮಾರ್ಚ್ ಮೊದಲ ವಾರ ಮೀರಬೇಡಿ. ಚೈನೆನ್ಸ್ ಮತ್ತು ಜೀರಿಗೆ ಮೆಣಸಿಗೆ 13–15 ವಾರ, ಫೆಬ್ರುವರಿಯಲ್ಲೇ ಬಿತ್ತಬೇಕು.

ಜನವರಿಯಲ್ಲೇ ಬಿತ್ತಿಬಿಟ್ಟರೆ ಇನ್ನೂ ಒಳ್ಳೆಯದಲ್ಲವೇ ಎಂದು ಕೇಳುವವರಿದ್ದಾರೆ. ಒಳ್ಳೆಯ ದೀಪ, ದೊಡ್ಡ ಕುಂಡ, ಅವನ್ನು ಇಡುವಷ್ಟು ಜಾಗ ಮೂರೂ ಇದ್ದರೆ ಚೈನೆನ್ಸ್‌ಗೆ ಮಾತ್ರ ಹೌದು. ಇಲ್ಲದಿದ್ದರೆ ಏಪ್ರಿಲ್ ಹೊತ್ತಿಗೆ ಗಿಡಗಳು ದೀಪಕ್ಕೆ ತಲೆ ತಾಗಿಸಿ, ಬೇರು ಕುಂಡದೊಳಗೆ ಸುತ್ತಿಕೊಂಡು, ಸಣ್ಣ ಕಪ್ಪಿನಲ್ಲೇ ಹೂ ಬಿಟ್ಟು ಕುಳಿತಿರುತ್ತವೆ. ಬೇರು ಬಿಗಿದ ಹತ್ತು ವಾರದ ಸಸಿಗಿಂತ ಸಡಿಲ ಬೇರಿನ ಏಳು ವಾರದ ಸಸಿ ಹೊರಗೆ ನೆಟ್ಟ ಮೇಲೆ ಮುಂದೆ ಓಡುತ್ತದೆ.

ಬೀಜ ಎಲ್ಲಿಂದ?

ಇಂಡಿಯನ್ ಸ್ಟೋರಿನ ಒಣ ಬ್ಯಾಡಗಿ ಪ್ಯಾಕೆಟ್ಟನ್ನು ಒಡೆದು ಬೀಜ ತೆಗೆಯುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಬಿಸಿಲಲ್ಲಿ ಒಣಗಿಸಿದ, ವರ್ಷದೊಳಗಿನ ಕಾಯಿಯಾಗಿದ್ದರೆ ಬೀಜ ಮೊಳೆಯುವ ಸಾಧ್ಯತೆ ಇದೆ. ಯಂತ್ರದ ಬಿಸಿಯಲ್ಲಿ ಒಣಗಿಸಿದ್ದರೆ ಬೀಜ ಸತ್ತಿರುವುದೇ ಹೆಚ್ಚು. ಇದಕ್ಕಿಂತ ದೊಡ್ಡ ತೊಡಕು ತಳಿಯದು. ಬ್ಯಾಡಗಿ ಮಾರುಕಟ್ಟೆಗೇ ಈಗ ಹೈಬ್ರಿಡ್ ಕಾಯಿ ಸಾಕಷ್ಟು ಬರುತ್ತದೆ. ಹೈಬ್ರಿಡ್ ಕಾಯಿಯ ಬೀಜದಿಂದ ಬರುವ ಗಿಡ ತಾಯಿಯಂತೆಯೇ ಇರುತ್ತದೆ ಎಂಬ ಭರವಸೆ ಇಲ್ಲ. ಹೊಲದಲ್ಲಿ ಪಕ್ಕದ ತಳಿಯ ಪರಾಗ ಸೇರಿರಬಹುದು. ಬ್ಯಾಡಗಿಯಲ್ಲೇ ದಪ್ಪ ಗಿಡ್ಡ ಕಾಯಿಯ ಡಬ್ಬಿ ಬೇಕೋ, ಸಣ್ಣಗೆ ನೀಳವಾದ ಕಡ್ಡಿ ಬೇಕೋ ಎಂದು ಗಟ್ಟಿಮಾಡಿಕೊಂಡವರು, ತಳಿಯ ಹೆಸರು ಹಾಕಿ ಮಾರುವ ಬೀಜದ ವ್ಯಾಪಾರಿಗಳಿಂದ ಸ್ಥಳೀಯವಾಗಿ ಕೊಳ್ಳುವುದೇ ಸರಿ.

ಊರಿನಿಂದ ಬರುವವರ ಸೂಟ್‌ಕೇಸಿನಲ್ಲಿ ಬೀಜ ತರಿಸುವುದನ್ನು ದಯವಿಟ್ಟು ಕೈಬಿಡಿ. ಬಿತ್ತನೆ ಬೀಜಕ್ಕೆ ಅಮೆರಿಕದಲ್ಲಿ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಅದರಲ್ಲೂ ಟೊಮೆಟೊ ಮತ್ತು ಮೆಣಸಿನಕಾಯಿ ಬೀಜದ ಮೇಲೆ, ಟೊಮೆಟೊ ಬ್ರೌನ್ ರುಗೋಸ್ ಎಂಬ ವೈರಸ್ಸಿನ ಕಾರಣಕ್ಕೆ, 2019ರಲ್ಲಿ ಹೆಚ್ಚಿನ ನಿಗಾ ಶುರುವಾಯಿತು. ಆ ವೈರಸ್ ಬೀಜದ ಮೂಲಕವೂ ಹರಡುತ್ತದೆ. ನಮ್ಮ ಒಂದು ಹಿಡಿ ಬೀಜದಿಂದ ಪಕ್ಕದ ರೈತನ ಗ್ರೀನ್‌ಹೌಸಿಗೆ ರೋಗ ಹೋಗಬಾರದು.

ಬೀಜ ಹಳೆಯದೋ ಹೊಸದೋ ಗೊತ್ತಿಲ್ಲದಿದ್ದರೆ ಮೊದಲು ಪರೀಕ್ಷೆ ಮಾಡಿ. ಒದ್ದೆ ಪೇಪರ್ ಟವೆಲಿನಲ್ಲಿ 20 ಬೀಜ ಹರಡಿ, ಮಡಿಚಿ, ಜಿಪ್ ಚೀಲದಲ್ಲಿಟ್ಟು ಬೆಚ್ಚಗಿಡಿ. ಎರಡು ವಾರದಲ್ಲಿ ಹತ್ತು ಮೊಳೆತರೆ ಟ್ರೇಯ ಪ್ರತಿ ಗುಳಿಯಲ್ಲೂ ಎರಡು ಬೀಜ ಹಾಕಬೇಕು ಎಂದು ತಿಳಿಯಿತು. ಕೆಲವರು ಎಲ್ಲ ಬೀಜವನ್ನೂ ಹೀಗೇ ಮೊಳೆಸಿ ಆಮೇಲೆ ಮಣ್ಣಿಗೆ ದಾಟಿಸುತ್ತಾರೆ. ಭೂತ್ ಜೊಲೋಕಿಯಾದಂಥ ದುಬಾರಿ, ಸೋಮಾರಿ ಬೀಜಕ್ಕೆ ಇದು ಒಳ್ಳೆಯದು, ಮೊಳೆಯದ ಬೀಜ ಟ್ರೇಯಲ್ಲಿ ಜಾಗ ತಿನ್ನುವುದು ತಪ್ಪುತ್ತದೆ. ಒಂದು ದಿನ ತಡಮಾಡಿದರೂ ಬೇರು ಕಾಗದದ ಎಳೆಯೊಳಗೆ ಹೊಕ್ಕು, ಬಿಡಿಸುವಾಗ ತುದಿ ಮುರಿಯುತ್ತದೆ. ಬ್ಯಾಡಗಿಯಂಥ ಸುಲಭದ ಬೀಜವನ್ನು ನೇರ ಟ್ರೇಗೇ ಹಾಕಿ, ಸುಮಾರು ಅರ್ಧ ಸೆಂಟಿಮೀಟರ್ ಆಳಕ್ಕೆ.

ಶಾಖಕ್ಕೆ: ಮ್ಯಾಟ್, ಅವನ್, ಫ್ರಿಜ್ಜಿನ ತಲೆ

ಮಣ್ಣಿನ ಶಾಖ 25ರಿಂದ 30 ಡಿಗ್ರಿ ಇದ್ದರೆ ಮೆಣಸಿನ ಬೀಜ ಎಂಟು ದಿನದ ಆಸುಪಾಸಿನಲ್ಲಿ ಮೊಳೆಯುತ್ತದೆ. 20 ಡಿಗ್ರಿಗೆ ಇಳಿದರೆ ಸುಮಾರು 13 ದಿನ. 15ಕ್ಕೆ ಇಳಿದರೆ 25 ದಿನ. 10ರಲ್ಲಿ ಮೊಳೆಯುವುದೇ ಇಲ್ಲ. ಇದು ಆ್ಯನಮ್ ಜಾತಿಯ ಲೆಕ್ಕ, ಚೈನೆನ್ಸ್‌ಗೆ ಇನ್ನೂ ಹೆಚ್ಚು. ಚಳಿಗಾಲದಲ್ಲಿ ಮನೆಯ ಥರ್ಮೋಸ್ಟಾಟ್ 20ರಲ್ಲಿದ್ದರೂ ಕಿಟಕಿಯ ಕಟ್ಟೆಯ ಮೇಲಿನ ಒದ್ದೆ ಮಣ್ಣು ಅದಕ್ಕಿಂತ ಮೂರು-ನಾಲ್ಕು ಡಿಗ್ರಿ ತಣ್ಣಗಿರುತ್ತದೆ. ಅಷ್ಟು ದಿನ ತಣ್ಣನೆಯ ಒದ್ದೆಯಲ್ಲಿ ಮಲಗಿದ ಬೀಜ ಮೊಳೆಯುವ ಮೊದಲೇ ಕೊಳೆಯಬಹುದು.

ಹೀಟ್ ಮ್ಯಾಟ್ ಕೋಣೆಯ ಶಾಖಕ್ಕಿಂತ ಮಣ್ಣನ್ನು 5–10 ಡಿಗ್ರಿ ಮೇಲೇರಿಸುತ್ತದೆ. 10×20 ಇಂಚಿನ ಒಂದು ಟ್ರೇಗೆ ಸಾಕಾಗುವ ಮ್ಯಾಟ್ 20 ವ್ಯಾಟ್ ಒಳಗೇ ಉರಿಯುತ್ತದೆ. ಜೊತೆಗೆ ಥರ್ಮೋಸ್ಟಾಟ್ ಬೇಕೆ? ಬೇಸ್‌ಮೆಂಟ್ 16 ಡಿಗ್ರಿ ಇದ್ದರೆ ಬೇಡ. 22 ಡಿಗ್ರಿಯ ಕೋಣೆಯಲ್ಲಿ, ಮೇಲೆ ಪ್ಲಾಸ್ಟಿಕ್ ಮುಚ್ಚಳವೂ ಇದ್ದರೆ ಬೇಕು, ಮಣ್ಣು 35 ದಾಟಿದರೆ ಬೀಜ ಬೇಯತೊಡಗುತ್ತದೆ.

ನಮ್ಮವರಲ್ಲಿ ಚಳಿಗಾಲದ ದೋಸೆ ಹಿಟ್ಟು ಹುದುಗಿಸಲು ಅವನ್ನಿನ ಒಳದೀಪ ಹಚ್ಚಿ ಪಾತ್ರೆ ಇಡುವ ರೂಢಿ ಇದೆ. ಅದೇ ಜಾಗ ಬೀಜಕ್ಕೂ ಒದಗುತ್ತದೆ, ಖರ್ಚಿಲ್ಲ. ಮೊದಲು ಥರ್ಮಾಮೀಟರ್ ಇಟ್ಟು ನೋಡಿ, ಕೆಲವು ಅವನ್‌ಗಳು ದೀಪವೊಂದರಿಂದಲೇ ಬೀಜಕ್ಕೆ ಆಗದಷ್ಟು ಬಿಸಿಯಾಗುತ್ತವೆ. ಬಾಗಿಲಿಗೆ ಚೀಟಿ ಅಂಟಿಸಿ, ಮನೆಯಲ್ಲಿ ಇನ್ಯಾರಾದರೂ ಅವನ್ ಬಿಸಿಗಿಟ್ಟರೆ ಎಲ್ಲ ಮುಗಿಯಿತು. ಮೊಳಕೆಯ ಬಿಳಿ ಕುತ್ತಿಗೆ ಕಂಡ ಗಂಟೆಯಲ್ಲೇ ಹೊರತೆಗೆದು ಬೆಳಕಿಗೆ ಇಡಬೇಕು, ಹಾಗಾಗಿ ದಿನಕ್ಕೆ ಎರಡು ಸಲ ನೋಡುವ ಶಿಸ್ತು ಇರುವವರಿಗೆ ಮಾತ್ರ ಈ ದಾರಿ. ಎಂಟು-ಹತ್ತು ಬ್ಯಾಡಗಿ ಸಸಿ ಬೇಕೆನ್ನುವವರಿಗೆ ಸಾಕು. ನಾಲ್ಕು ವಾರ ಕಾಯಿಸುವ ಹಬನೇರೊಗೆ ಮ್ಯಾಟೇ ಬೇಕು.

ಫ್ರಿಜ್ಜಿನ ತಲೆಯ ಮೇಲೆ ಇಡಿ ಎಂಬ ಸಲಹೆ ಹಳೆಯ ಫ್ರಿಜ್ಜುಗಳ ಕಾಲದ್ದು. ಈಗಿನವು ಮೇಲ್ಭಾಗದಲ್ಲಿ ಅಷ್ಟು ಬೆಚ್ಚಗಿರುವುದಿಲ್ಲ.

ಅರ್ಧಕ್ಕಿಂತ ಹೆಚ್ಚು ಮೊಳೆತ ಮೇಲೆ ಮ್ಯಾಟ್ ತೆಗೆದುಬಿಡಿ. ಹಗಲು 20–24, ರಾತ್ರಿ 16–18 ಡಿಗ್ರಿ ಸಸಿಗೆ ಹಿತ. ಶಾಖ ಹೆಚ್ಚಾಗಿ ಬೆಳಕು ಕಡಿಮೆಯಾದರೆ ಸಸಿ ನೀಳವಾಗಿ ಎದ್ದು ಬಾಗುತ್ತದೆ.

ಬೆಳಕಿಗೆ ಕೈ ಬಿಗಿ ಹಿಡಿಯಬೇಡಿ

ನೂರು ಡಾಲರ್ ಇಟ್ಟುಕೊಂಡು ಶುರುಮಾಡುವವರು ಅದರ ದೊಡ್ಡ ಪಾಲನ್ನು ದೀಪಕ್ಕೆ ಹಾಕಿ. ಶಾಖ ಬೇಕಾಗುವುದು ಎರಡು-ಮೂರು ವಾರ, ಬೆಳಕು ಬೇಕಾಗುವುದು ಎರಡೂವರೆ ತಿಂಗಳು.

ದಕ್ಷಿಣದ ಕಿಟಕಿ ಪುಕ್ಕಟೆ, ಎಲ್ಲರೂ ಅಲ್ಲಿಂದಲೇ ಶುರುಮಾಡುವುದು. ಫೆಬ್ರುವರಿ ಮಧ್ಯದಲ್ಲಿ ಡೆಟ್ರಾಯ್ಟ್, ಟೊರಾಂಟೊ ಕಡೆ ಹಗಲು ಹತ್ತೂವರೆ ಗಂಟೆ. ಸೂರ್ಯ ಕೆಳಗೇ ಇರುತ್ತಾನೆ, ಸರೋವರಗಳಿಂದ ಏಳುವ ಮೋಡ ದಿನಗಟ್ಟಲೆ ಕವಿದಿರುತ್ತದೆ. ಮೆಣಸಿನ ಸಸಿ ಗಟ್ಟಿಯಾಗಿ ಬೆಳೆಯಲು 14–16 ಗಂಟೆ ಒಳ್ಳೆಯ ಬೆಳಕು ಬೇಕು. ಕಿಟಕಿಯ ಬೆಳಕಿಗೆ ಬೆಳೆದ ಸಸಿಯ ಕಾಂಡ ದಾರದಂತೆ ನೀಳವಾಗಿ ಗಾಜಿನ ಕಡೆ ಬಾಗುತ್ತದೆ. ಟೊಮೆಟೊ ಆಗಿದ್ದರೆ ಕಾಂಡವನ್ನು ಆಳಕ್ಕೆ ಹೂಳಿ ಸರಿಪಡಿಸಬಹುದಿತ್ತು, ಅದು ಹೂಳಿದ ಉದ್ದಕ್ಕೂ ಬೇರು ಬಿಡುತ್ತದೆ. ಮೆಣಸು ಅಷ್ಟು ಸುಲಭವಾಗಿ ಬೇರು ಬಿಡುವುದಿಲ್ಲ, ಆದ್ದರಿಂದ ಒಮ್ಮೆ ಜೋಲುಬಿದ್ದ ಸಸಿ ಬಹುಪಾಲು ಜೋಲುಬಿದ್ದೇ ಇರುತ್ತದೆ. ಏಪ್ರಿಲ್‌ನಲ್ಲಿ ಬಿತ್ತುವವರಿಗೆ, ಅಥವಾ ಅಟ್ಲಾಂಟಾ, ಡಲ್ಲಾಸ್‌ನಷ್ಟು ದಕ್ಷಿಣದಲ್ಲಿ ಇರುವವರಿಗೆ ಕಿಟಕಿ ನಡೆಯುತ್ತದೆ. ಮಹಾ ಸರೋವರಗಳ ಕಡೆ ಫೆಬ್ರುವರಿಗೆ ಅದನ್ನು ನಂಬಬೇಡಿ.

ಹಾರ್ಡ್‌ವೇರ್ ಅಂಗಡಿಯ ನಾಲ್ಕಡಿ ಉದ್ದದ ಎಲ್‌ಇಡಿ ಶಾಪ್ ಲೈಟ್ ಬಹುಮಂದಿಗೆ ಸರಿಯಾದ ಆಯ್ಕೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಪೆಟ್ಟಿಗೆಯ ಮೇಲೆ ಎರಡು ಅಂಕಿ ನೋಡಿ: 4000ಕ್ಕಿಂತ ಹೆಚ್ಚು ಲೂಮೆನ್ (ಬೆಳಕಿನ ಪ್ರಮಾಣ), 4000ದಿಂದ 5000 ಕೆಲ್ವಿನ್ (ಬೆಳಕಿನ ಬಣ್ಣ). ‘ಗ್ರೋ ಲೈಟ್’ ಎಂಬ ಹೆಸರು ಇರಬೇಕಾಗಿಲ್ಲ. ಬಿಳಿ ಬೆಳಕಿನಲ್ಲಿ ಸಸಿಗೆ ಬೇಕಾದ ನೀಲಿ, ಕೆಂಪು ಎರಡೂ ಇರುತ್ತವೆ. ಸರಪಳಿಯಲ್ಲಿ ತೂಗುಹಾಕಿ ಎಲೆಯ ತುದಿಗಿಂತ 5–8 ಸೆಂಟಿಮೀಟರ್ ಮೇಲಿಡಿ, ಸಸಿ ಎದ್ದಂತೆ ದೀಪವನ್ನೂ ಏರಿಸಿ. ದೂರ ಹೋದಂತೆ ಬೆಳಕು ಬಹಳ ಬೇಗ ಕುಗ್ಗುತ್ತದೆ, ಒಂದು ಅಡಿ ಮೇಲೆ ತೂಗಿದ ಶಾಪ್ ಲೈಟ್ ಕಿಟಕಿಗಿಂತ ಹೆಚ್ಚೇನೂ ಅಲ್ಲ. ಒಂದು ಟೈಮರ್ ಹಾಕಿ 16 ಗಂಟೆ ಉರಿಸಿ, 8 ಗಂಟೆ ಕತ್ತಲೆ ಕೊಡಿ. 40 ವ್ಯಾಟಿನ ದೀಪ ತಿಂಗಳಿಗೆ ಸುಮಾರು 19 ಯೂನಿಟ್ ತಿನ್ನುತ್ತದೆ. ಯೂನಿಟ್ಟಿಗೆ 18 ಸೆಂಟ್ ಎಂದು ಹಿಡಿದರೆ ಮೂರೂವರೆ ಡಾಲರ್.

ನೂರು ವ್ಯಾಟಿನ ಫುಲ್ ಸ್ಪೆಕ್ಟ್ರಮ್ ಪ್ಯಾನೆಲ್ ಯಾರಿಗೆ? ಜನವರಿಯಲ್ಲಿ ರೀಪರ್, ಭೂತ್ ಜೊಲೋಕಿಯಾ ಬಿತ್ತಿ ಮೇ ಹೊತ್ತಿಗೆ ಮೊಣಕಾಲೆತ್ತರದ ಗಿಡ ಬೇಕೆನ್ನುವವರಿಗೆ. ಅದನ್ನು 30–45 ಸೆಂಟಿಮೀಟರ್ ಮೇಲಿಡಬೇಕು, ಎಳೆಯ ಸಸಿಗೆ ಮಂದ ಮಾಡಿಡಬೇಕು, ಇಲ್ಲದಿದ್ದರೆ ಎಲೆ ಸುರುಟುತ್ತದೆ. ಎಂಟು ಬ್ಯಾಡಗಿ ಸಸಿಗೆ ಅಷ್ಟು ದುಡ್ಡು ಬೇಡ.

ಬಳುಕುವ ಕುತ್ತಿಗೆಯ, ನೇರಳೆ ಬೆಳಕಿನ ಅಗ್ಗದ ಕ್ಲಿಪ್ ದೀಪಗಳನ್ನು ಕೊಳ್ಳಬೇಡಿ. ಅವುಗಳ ಮೇಲೆ ಬರೆದ ದೊಡ್ಡ ವ್ಯಾಟ್ ಸಂಖ್ಯೆ ‘ಅದಕ್ಕೆ ಸಮಾನ’ ಎಂಬ ಲೆಕ್ಕದ್ದು. ನಿಜವಾಗಿ ಉರಿಯುವುದು ಅದರಲ್ಲಿ ಒಂದು ಸಣ್ಣ ಪಾಲು. ಆ ನೇರಳೆಯಲ್ಲಿ ಎಲೆ ಹಳದಿಯಾಗುತ್ತಿದೆಯೇ, ಹೇನು ಹತ್ತಿದೆಯೇ ಎಂದು ಕಣ್ಣಿಗೆ ಕಾಣುವುದೂ ಇಲ್ಲ.

ಮಣ್ಣು, ಟ್ರೇ, ನೀರು

ಇಲ್ಲಿ ಹೆಚ್ಚು ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಹಿತ್ತಲ ಮಣ್ಣು ಮಾತ್ರ ಬೇಡ, ಟ್ರೇಯಲ್ಲಿ ಗಟ್ಟಿಕಟ್ಟುತ್ತದೆ, ರೋಗವೂ ಬರುತ್ತದೆ. ಅಂಗಡಿಯ ಬೀಜ ಬಿತ್ತುವ ಮಿಶ್ರಣ ಅಥವಾ ತೆಂಗಿನ ನಾರಿನ ಪುಡಿ ಎರಡೂ ಸಮ. ಕರ್ನಾಟಕದ ನರ್ಸರಿಗಳು 98 ಗುಳಿಯ ಪ್ರೊಟ್ರೇಗಳಲ್ಲಿ ನಾರಿನ ಪುಡಿ ತುಂಬಿಯೇ ಲಕ್ಷಗಟ್ಟಲೆ ಮೆಣಸಿನ ಸಸಿ ಎಬ್ಬಿಸುತ್ತವೆ. ಪುಡಿಯಲ್ಲಿ ಉಪ್ಪಿನಂಶ ಉಳಿದಿರಬಹುದು, ಒಂದೆರಡು ಸಲ ನೀರಲ್ಲಿ ತೊಳೆದು ಹಿಂಡಿ. ಅದರಲ್ಲಿ ಸತ್ವ ಇಲ್ಲವೆಂಬಷ್ಟು ಕಡಿಮೆ. ಬೀಜದೆಲೆಯ ನಂತರದ ಎರಡನೇ ಜೋಡಿ ಎಲೆ ಬಂದ ಮೇಲೆ ಕಾಲು ಪ್ರಮಾಣಕ್ಕೆ ತೆಳುಮಾಡಿದ ದ್ರವ ಗೊಬ್ಬರ ಕೊಡಬೇಕು.

ಟ್ರೇಯಲ್ಲಿ 72 ಗುಳಿಯದು ಸಾಕು. ಒಣಗಿದ ಬಿಲ್ಲೆಯಂತಿದ್ದು ನೀರಿಗೆ ಉಬ್ಬುವ ಪೀಟ್ ಗುಳಿಗೆಗಳು ನೋಡಲು ಅಚ್ಚುಕಟ್ಟು, ಆದರೆ ಹೀಟರಿನ ಒಣ ಗಾಳಿಗೆ ಬೇಗ ಒಣಗುತ್ತವೆ. ಸುತ್ತಿದ ಬಲೆಯನ್ನು ಬಿಡಿಸದೆ ನೆಟ್ಟರೆ ಬೇರು ಹೊರಬರಲು ಒದ್ದಾಡುತ್ತದೆ. ಮೊಸರಿನ ಸಣ್ಣ ಕಪ್ಪಿಗೆ ತಳದಲ್ಲಿ ತೂತು ಕೊರೆದರೂ ಅಷ್ಟೇ ಚೆನ್ನಾಗಿ ನಡೆಯುತ್ತದೆ.

ಮೊಳೆತ ಸಸಿ ರಾತ್ರಿ ಚೆನ್ನಾಗಿದ್ದು ಬೆಳಗ್ಗೆ ಬುಡ ಸಣ್ಣಗಾಗಿ ಅಡ್ಡಬಿದ್ದಿದ್ದರೆ ಅದು ಬುಡ ಕೊಳೆ, ಪಿಥಿಯಂ, ರೈಜೋಕ್ಟೋನಿಯಾದಂಥ ಸೂಕ್ಷ್ಮಜೀವಿಗಳ ಕೆಲಸ. ಬಿದ್ದ ಸಸಿ ಏಳುವುದಿಲ್ಲ. ತಡೆಯುವುದು ಸುಲಭ: ಮೊಳೆತ ಕೂಡಲೇ ಮುಚ್ಚಳ ತೆಗೆಯಿರಿ, ನೀರನ್ನು ಮೇಲಿಂದ ಹೊಯ್ಯದೆ ಕೆಳಗಿನ ತಟ್ಟೆಗೆ ಹಾಕಿ ಅರ್ಧ ಗಂಟೆಯಲ್ಲಿ ಉಳಿದದ್ದು ಚೆಲ್ಲಿ, ಸಣ್ಣ ಫ್ಯಾನ್ ಒಂದನ್ನು ಮಂದವಾಗಿ ಬಿಡಿ. ಗಾಳಿಗೆ ಅಲುಗುವ ಕಾಂಡ ದಪ್ಪವೂ ಆಗುತ್ತದೆ. ನಲ್ಲಿಯ ನೀರು ಈ ತಿಂಗಳುಗಳಲ್ಲಿ ಕೊರೆಯುವಷ್ಟು ತಣ್ಣಗಿರುತ್ತದೆ, ಹಿಂದಿನ ರಾತ್ರಿಯೇ ತುಂಬಿಟ್ಟು ಬಳಸಿ.

ಹೊರಗೆ ಹೋಗುವ ಮುನ್ನ

ನಾಲ್ಕು ನಿಜವಾದ ಎಲೆ ಬಂದಾಗ ಸಸಿಯನ್ನು ಮೂರು-ನಾಲ್ಕು ಇಂಚಿನ ಕುಂಡಕ್ಕೆ ದಾಟಿಸಿ. ಏಪ್ರಿಲ್‌ನಲ್ಲಿ ಕಾಣುವ ಮೊಗ್ಗುಗಳನ್ನು ಚಿವುಟಿ, ಆ ಶಕ್ತಿ ಬೇರಿಗೆ ಹೋಗಲಿ. ಮೇ ಮಧ್ಯದಿಂದ ಒಂದು ವಾರ-ಹತ್ತು ದಿನ ಹೊರಗಿನ ಬಿಸಿಲಿಗೆ ಒಗ್ಗಿಸಬೇಕು. ಮೊದಲ ದಿನ ಗಾಳಿ ಬೀಸದ ನೆರಳಲ್ಲಿ ಒಂದು ಗಂಟೆ, ಆಮೇಲೆ ದಿನವೂ ಸ್ವಲ್ಪ ಹೆಚ್ಚು. ದೀಪದಡಿ ಬೆಳೆದ ಎಲೆಯನ್ನು ನೇರ ಬಿಸಿಲಿಗೆ ಒಡ್ಡಿದರೆ ಅದು ಒಂದೇ ಮಧ್ಯಾಹ್ನದಲ್ಲಿ ಬಿಳಿಚಿ ಸುಡುತ್ತದೆ.

ಹೊರಗೆ ನೆಡುವ ದಿನಕ್ಕೆ ಕೆನಡಾದವರು ಮೇ ಕೊನೆಯ ಹೊತ್ತಿನ ವಿಕ್ಟೋರಿಯಾ ಡೇ ರಜೆ, ಅಮೆರಿಕದ ಉತ್ತರದವರು ಮೆಮೋರಿಯಲ್ ಡೇ ರಜೆ ಎಂದು ಗುರುತಿಟ್ಟುಕೊಳ್ಳುತ್ತಾರೆ. ಜರ್ಮನಿಯಲ್ಲಿರುವ ನಮ್ಮವರು ಮೇ 11ರಿಂದ 15ರವರೆಗಿನ, ಚಳಿ ಮರಳುತ್ತದೆ ಎಂದು ಅಲ್ಲಿಯವರು ನಂಬುವ ‘ಐಸ್‌ಹೈಲಿಗೆ’ ದಿನಗಳು ಕಳೆಯಲಿ ಎಂದು ಕಾಯುವುದನ್ನು ನೆರೆಯವರಿಂದ ಕಲಿತಿರುತ್ತಾರೆ. ಹಬ್ಬದ ದಿನಕ್ಕಿಂತ ರಾತ್ರಿಯ ಶಾಖವನ್ನು ನಂಬಿ. ಒಂದು ವಾರ ರಾತ್ರಿ 13 ಡಿಗ್ರಿಗಿಂತ ಕೆಳಗಿಳಿಯದಿದ್ದರೆ ನೆಡಬಹುದು. ಅದಕ್ಕೂ ಮೊದಲು ನೆಟ್ಟ ಸಸಿ ಸಾಯದಿದ್ದರೂ ಎಲೆ ನೇರಳೆಯಾಗಿ ಮೂರು ವಾರ ಅಲ್ಲಾಡದೆ ನಿಲ್ಲುತ್ತದೆ.

ಈ ಲೆಕ್ಕಗಳೆಲ್ಲ ತಪ್ಪಿ ಏಪ್ರಿಲ್ ಬಂದುಬಿಟ್ಟಿದ್ದರೂ ಬ್ಯಾಡಗಿ ಬೀಜ ಕೈಯಲ್ಲಿದ್ದರೆ ಬಿತ್ತಿ. ಆಗ ನೆಲದಲ್ಲಿ ನೆಡದೆ 20 ಲೀಟರಿನ ಕುಂಡದಲ್ಲೇ ಬೆಳೆಸಿ, ಅಕ್ಟೋಬರಿನ ಮೊದಲ ಫ್ರಾಸ್ಟ್‌ಗೆ ಮುಂಚೆ ಒಳಗೆ ತನ್ನಿ. ಬಲಿತ ಹಸಿರು ಕಾಯಿಗಳು ಮನೆಯ ಬೆಚ್ಚಗಿನಲ್ಲಿ ಗಿಡದ ಮೇಲೇ ಕೆಂಪಾಗುತ್ತವೆ. ಆ ಹೊತ್ತಿನ ಬಿಸಿಲು ಒಣಗಿಸಲು ಸಾಲದು, ಡಿಹೈಡ್ರೇಟರಿನಲ್ಲಿ 50–55 ಡಿಗ್ರಿಗೆ ಇಟ್ಟು ಒಣಗಿಸಿ. ಮುಂದಿನ ವರ್ಷದ ಬೀಜಕ್ಕೆಂದು ಎತ್ತಿಡುವ ಎರಡು ಕಾಯಿಯನ್ನು ಮಾತ್ರ ಆ ಶಾಖಕ್ಕೆ ಹಾಕಬೇಡಿ, ಬೀಜ ತೆಗೆದು ಕೋಣೆಯ ನೆರಳಲ್ಲೇ ಒಣಗಿಸಿ.